ಎಡಗಡೆಯ ಕುರ್ಚಿ

"ಎಡಗಡೆ ಸ್ವಲ್ಪ ಡಲ್," ಅಂದ ಅವನು, ಕಣ್ಣು ಮುಚ್ಚಿಕೊಂಡೇ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇದು ಹದಿನಾಲ್ಕನೇ ಹೆಡ್‌ಫೋನ್. ಹದಿನಾಲ್ಕಕ್ಕೂ ಅದೇ ರಾಗ! ಪತ್ರಿಕೆಗಾಗಿ ಹೆಡ್‌ಫೋನು, ಮ್ಯೂಸಿಕ್ ಪ್ಲೇಯರುಗಳನ್ನು ಕೇಳಿ ಅಂಕ ಕೊಡುವವನು ಅವನು. ಆಫೀಸಿನವರ ಬಾಯಲ್ಲಿ ಕಿವಿರಾಯ. ಅವನ ತಲೆಗೇರುವ ಮೊದಲು ಒಂದೊಂದನ್ನೂ ಮೆಷಿನ್ನಿಗೆ ಹಾಕಿ, ಎರಡೂ ಕಡೆ ಸಮ ಇದೆಯಾ ಅಂತ ಅಳೆಯುವವಳು ಅವಳು. ಹದಿನಾಲ್ಕೂ ಸಮವಾಗಿಯೇ ಇದ್ದವು. ಸಂಜೆಯೊಳಗೆ ವರದಿ ಹೋಗಬೇಕು.

ನಿಜವಾದ ಸಿಟ್ಟು ಅದಲ್ಲ ಬಿಡಿ. ಮಂಗಳವಾರ ಇದೇ ಕುರ್ಚಿಯಲ್ಲಿ, ಅವನ ಎಡಕ್ಕೆ ಕೂತು, ಅವನು ಹೆಡ್‌ಫೋನ್ ತೆಗೆದಿಟ್ಟ ಮೇಲೆ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಮೆಲ್ಲಗೆ ಹೇಳಿದ್ದಳು: "ನೀವಂದ್ರೆ ನಂಗಿಷ್ಟ." ಪುಣ್ಯಾತ್ಮ, ತಲೆಯೆತ್ತದೆ ಏನೋ ಬರೆದುಕೊಂಡು "ಮುಂದಿಂದು ಕೊಡಿ" ಅಂದಿದ್ದ! ಇಷ್ಟವಿಲ್ಲ ಅಂತಲಾದರೂ ಹೇಳಬಾರದಿತ್ತೇ? ಮೂರು ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ.

"ಕಣ್ಣು ಬಿಡ್ಬೇಡಿ," ಎಂದು ಹೆಡ್‌ಫೋನನ್ನು ಕಿತ್ತು, ಎಡದ್ದು ಬಲಕ್ಕೆ ಬರುವಂತೆ ತಿರುಗಿಸಿ ಮತ್ತೆ ಅವನ ತಲೆಗೆ ಹಾಕಿದಳು. ತಪ್ಪು ಹೆಡ್‌ಫೋನಿನದಾದರೆ ಈಗ ಬಲಗಡೆ ಡಲ್ ಆಗಬೇಕು.

"ಈಗ್ಲೂ ಎಡಗಡೇನೇ."

ಬಯ್ಯಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಆಮೇಲೆ ಹೆಡ್‌ಫೋನ್ ತೆಗೆದು, "ಉಲ್ಟಾ ಹಾಕಿದ್ದೆ," ಅಂದಳು, ಜೋರಾಗಿ.

ಅವನ ಮುಖ ಬಿಳಿಚಿಕೊಂಡಿತು. "ಎರಡು ತಿಂಗಳಿಂದ ಅನುಮಾನ ಇತ್ತು. ಡಾಕ್ಟ್ರ ಹತ್ರ ಹೋಗೋಕೆ ಭಯ. ಕಿವಿ ಹೋಯ್ತು ಅಂತ ಗೊತ್ತಾದ್ರೆ ಕೆಲ್ಸಾನೂ ಹೋಗುತ್ತೆ. ನಿಮ್ಮ ಪಕ್ಕ ಕೂರೋದೂ ತಪ್ಪುತ್ತೆ."

"ಅದಕ್ಕೆ ಪಾಪ, ಹದಿನಾಲ್ಕು ಹೆಡ್‌ಫೋನ್ ಮೇಲೆ ಗೂಬೆ ಕೂರಿಸಿದ್ರಾ?"

"ತಪ್ಪಾಯ್ತು. ವರದಿ ನೀವೇ ಬರೀರಿ. ಸಂಪಾದಕರಿಗೆ ನಾನೇ ಹೇಳ್ತೀನಿ."

"ಹೇಳಿ. ನಾಳೆ ಡಾಕ್ಟ್ರ ಹತ್ರ ನಾನೂ ಬರ್ತೀನಿ." ಅವಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. "ಮಂಗಳವಾರ ನಾನೊಂದು ಮಾತು ಹೇಳಿದ್ದೆ. ಕೇಳಿಸ್ತಾ?"

"ಮಂಗಳವಾರಾನಾ? ಏನಂದ್ರಿ?"

ಅಯ್ಯೋ ದೇವರೇ! ಮೂರು ದಿನ ಅತ್ತಿದ್ದೆಲ್ಲ ದಂಡ. ನಗಬೇಕೋ, ಅವನ ತಲೆಗೊಂದು ಕುಟ್ಟಬೇಕೋ ತಿಳಿಯಲಿಲ್ಲ. ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಅವನ ಬಲಕ್ಕೆ ಕೂತಳು.

"ಇನ್ನೊಂದೇ ಒಂದ್ಸಲ ಹೇಳೋದು," ಎಂದು ಬಾಗಿ, ಹೇಳಿದಳು.

ಅವನ ಕಿವಿ ಕೆಂಪೇರಿತು. ಕೇಳದ ಕಿವಿಯೂ.

"ನಂಗೂ," ಅಂದ. "ನೀವು ಈ ರೂಮಿಗೆ ಬಂದ ಮೊದಲ ದಿನದಿಂದ."

"ಮೊದಲ ದಿನದಿಂದಾನಾ?" ಅವಳು ಕೆಂಡವಾದಳು. "ಕಿವಿಗೇನೋ ಆಗಿತ್ತು, ಸರಿ. ಬಾಯಿಗೇನಾಗಿತ್ತು ನಿಮ್ಗೆ?"