ತಾತನ ಸಂತಾನ

ಡಾಕ್ಟರಮ್ಮನ ಸಹಾಯಕನಾಗಿದ್ದರೂ ಹಂದಿಗಳೆಂದರೆ ಕಾಂಪೌಂಡರನಿಗೆ ಮೊದಲೇ ಅಷ್ಟಕ್ಕಷ್ಟೆ. ಅಂದು ಬೆಳಗ್ಗೆ ಹೊಸ ದೊಡ್ಡಿಯ ಗೋಡೆಗೆ ಸಿಡಿದ ರಕ್ತ ನೋಡಿದ ಮೇಲಂತೂ ಅವನು ಎರಡು ಹೆಜ್ಜೆ ಹಿಂದೆ ಸರಿದ. ಫಾರಂ ಯಜಮಾನನನ್ನು ಆಗತಾನೆ ಆಸ್ಪತ್ರೆಗೆ ಸಾಗಿಸಿದ್ದರು. ಅವನ ತೊಡೆ, ತೋಳುಗಳನ್ನು ಅವನು ಸಾಕಿದ ಹಂದಿಗಳೇ ಕಚ್ಚಿ ಹರಿದಿದ್ದವು. ಜ್ಞಾನ ಇನ್ನೂ ಬಂದಿರಲಿಲ್ಲ. ದೊಡ್ಡಿಯ ನಡುವೆ ಒಂದು ಬಕೆಟ್ಟು ಬೋರಲಾಗಿ ಬಿದ್ದಿತ್ತು.

ಬಾಗಿಲಲ್ಲಿ ಕೂತು ಅಳುತ್ತಿದ್ದವಳು ಗಂಟೆಯಮ್ಮ. ಗಂಟೆ ಬಾರಿಸಿ ಹಂದಿಗಳನ್ನು ಮೇವಿಗೆ ಕರೆಯುತ್ತಿದ್ದುದರಿಂದ ಆ ಹೆಸರು. ಮೇವು ಹಾಕುವವಳು ಅವಳೊಬ್ಬಳೇ ಆದ್ದರಿಂದ, ಏನೋ ಬೆರೆಸಿ ಹಂದಿಗಳಿಗೆ ಹುಚ್ಚು ಹಿಡಿಸಿದವಳೂ ಅವಳೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಮೊನ್ನೆಯಷ್ಟೇ ಯಜಮಾನನ ಜೊತೆ ಜಗಳವಾಡಿದ್ದಳು ಬೇರೆ. ಸಂಜೆ ಬಂದು ಕರೆದೊಯ್ಯುವುದಾಗಿ ಇನ್‌ಸ್ಪೆಕ್ಟರ್ ಹೇಳಿಹೋಗಿದ್ದ.

"ಮೇವು ಹಾಕೋ ಕೈಯಲ್ಲಿ ವಿಷ ಹಾಕ್ತೀನಾ, ಡಾಕ್ಟರಮ್ಮಾ?"

ಡಾಕ್ಟರಮ್ಮ ನಿವೃತ್ತ ಪಶುವೈದ್ಯೆ. ಫಾರಂನ ಮಾಳಿಗೆ ಕೋಣೆಯಲ್ಲೇ ಬಾಡಿಗೆಗಿದ್ದರು. ಸುತ್ತಮುತ್ತ ಏನು ಕಳುವಾದರೂ, ಯಾರು ಸತ್ತರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಜಗಳ ಯಾಕಾಯಿತೆಂದು ಅವರು ಕೇಳಿದರು.

"ಹೊಸ ದೊಡ್ಡಿ ಒಳಗೆ ಕೂರಬೇಡಿ, ಇವು ಬಾಲ ಕಚ್ಚಾಡ್ತವೆ, ನಂಗೆ ಭಯ ಆಗ್ತದೆ ಅಂದೆ. ತಾತನ ಮಕ್ಕಳ ಮೇಲೆ ಚಾಡಿ ಹೇಳ್ತೀಯಾ ಅಂತ ಬೈದ್ರು."

ತಾತನೆಂದರೆ ಫಾರಂನಲ್ಲಿದ್ದ ಒಂದೇ ಒಂದು ಬೀಜದ ಗಂಡು ಹಂದಿ. ಯಜಮಾನ ದಿನವೂ ಬಕೆಟ್ಟು ಬೋರಲು ಹಾಕಿ ಹಂದಿಗಳ ನಡುವೆ ಕೂರುತ್ತಿದ್ದ. ಮೇವಿನ ತೊಟ್ಟಿಯಲ್ಲಿ ಪಕ್ಕದ ಹಂದಿಗೆ ಜಾಗ ಬಿಡುವ ಸಾಧು ಹೆಣ್ಣನ್ನೇ ಗುರುತಿಟ್ಟು ತಾತನಿಗೆ ಕೂಡಿಸುತ್ತಿದ್ದ. ಆ ಸಂತಾನಕ್ಕೆ ಅಂಜದೆ ಬೆನ್ನು ಕೊಟ್ಟು ಕೂರುವುದೇ ಅವನ ಹೆಮ್ಮೆ. ಈಚೆಗೆ ಮಂಡಿನೋವಿನಿಂದ ಕೂಡಿಸುವ ಕೆಲಸವನ್ನು ಮಗನಿಗೆ ಬಿಟ್ಟಿದ್ದ.

ಡಾಕ್ಟರಮ್ಮ ಹೊಸ ದೊಡ್ಡಿಯ ಅಗುಳಿ ತೆಗೆದರು. ಕಾಂಪೌಂಡರ್ ಹೊಸ್ತಿಲಲ್ಲೇ ನಿಂತ.

"ಬಾರಪ್ಪ, ನಾನು ಪಕ್ಕದಲ್ಲೇ ಇರ್ತೀನಿ," ಎಂದರು ಅವರು.

ಹಂದಿಗಳು ಗುಟುರು ಹಾಕಲೂ ಇಲ್ಲ, ಸುಮ್ಮನೆ ಸುತ್ತುವರಿದವು. ಅರ್ಧಕ್ಕರ್ಧ ಬಾಲಗಳು ಮೋಟಾಗಿದ್ದವು. ಹರಿದ ಕಿವಿಗಳೂ ನೆಟ್ಟಗೆ ನಿಂತು ಅವನ ಉಸಿರನ್ನೇ ಆಲಿಸುವಂತಿದ್ದವು. ಮೈ ದಷ್ಟಪುಷ್ಟ, ನಡಿಗೆ ಮಾತ್ರ ಕುಂಟು. ಒಂದು ಹಂದಿ ಗೋಡೆಯ ರಕ್ತ ನೆಕ್ಕುತ್ತಿತ್ತು. ಇನ್ನೊಂದು ಅವನ ಪ್ಯಾಂಟಿನ ತುದಿಯನ್ನು ಬಾಯಲ್ಲಿ ಹಿಡಿದು ರುಚಿ ನೋಡಿದಾಗ ಅವನು ಡಾಕ್ಟರಮ್ಮನ ಬೆನ್ನಿಗೆ ಅಂಟಿಕೊಂಡ.

ಪಕ್ಕದ ದೊಡ್ಡಿಯಲ್ಲಿ ವಯಸ್ಸಾದ, ಜೋಲು ಕಿವಿಯ ಗುಂಪು ಒಂದರ ಮೇಲೊಂದು ಒರಗಿ ಮಲಗಿತ್ತು. ಅಲ್ಲಿಂದ ತಾತನ ಬಳಿ ಹೋದರು. ಅದರ ಕಿವಿಗಳೂ ಕಣ್ಣು ಮುಚ್ಚುವಷ್ಟು ಜೋತುಬಿದ್ದಿದ್ದವು. ಯಜಮಾನನ ಮಗ ಅಲ್ಲಿಗೆ ಬಂದು, ಹೊಸ ದೊಡ್ಡಿಯನ್ನೂ ತುಂಬಿಸಿದ್ದು ತಾತನೇ ಎಂದ. ಡಾಕ್ಟರಮ್ಮ ತಾತನ ಹಿಂಭಾಗವನ್ನು ಬಹಳ ಹೊತ್ತು ಮುಟ್ಟಿ ನೋಡಿದರು.

ಸಂಜೆ ಇನ್‌ಸ್ಪೆಕ್ಟರ್ ಬಂದಾಗ ಡಾಕ್ಟರಮ್ಮ ಎಲ್ಲರನ್ನೂ ಮೇವಿನ ಕೋಣೆಯಲ್ಲಿ ಸೇರಿಸಿದರು.

"ಮೇವಲ್ಲಿ ವಿಷ ಇದ್ದಿದ್ರೆ ಪಕ್ಕದ ದೊಡ್ಡಿಗೂ ಹುಚ್ಚು ಹಿಡೀಬೇಕಿತ್ತು. ಅದೇ ಬೂಸ, ಅದೇ ಹುಲ್ಲು, ಅಷ್ಟೇ ಜಾಗ. ಹಾಗಿದ್ರೆ ಬೇರೆಯಾಗಿರೋದು ಏನು?"

"ಕಿವಿ," ಎಂದ ಕಾಂಪೌಂಡರ್. ಆ ಕಿವಿಗಳು ಅವನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

"ಹೌದು. ತಾತನ ಮಕ್ಕಳಿಗೆ ಜೋಲು ಕಿವಿ. ಹೊಸ ದೊಡ್ಡೀಲಿ ಒಂದಕ್ಕೂ ಅದಿಲ್ಲ. ಇವುಗಳ ಅಪ್ಪ ಬೇರೆ. ಬೇಗ ಮೈ ತುಂಬ್ಲಿ ಅಂತಷ್ಟೇ ಆರಿಸಿದ ತಳಿ. ಮೈ ಬೆಳೆದಷ್ಟು ಬೇಗ ಕಾಲು ಗಟ್ಟಿಯಾಗಿಲ್ಲ, ನಿಂತ್ರೆ ನೋವು. ಗುಂಪಲ್ಲಿ ಹೊಂದ್ಕೊಂಡು ಬಾಳೋ ಗುಣ ಇದೆಯಾ ಅಂತ ಅವುಗಳಲ್ಲಿ ಯಾರೂ ನೋಡಿಲ್ಲ. ಯಜಮಾನರು ತಾತನ ಮಕ್ಕಳು ಅಂದ್ಕೊಂಡು ಅವಕ್ಕೆ ಬೆನ್ನು ಕೊಟ್ಟು ಕೂತ್ರು."

ಆ ತಳಿ ತಂದವರು ಯಾರೆಂದು ಇನ್‌ಸ್ಪೆಕ್ಟರ್ ಕೇಳಿದ.

"ತಾತನ ಬೀಜದಲ್ಲಿ ಗಡ್ಡೆ ಕಟ್ಟಿದೆ, ತುಂಬಾ ಹಳೇದು. ಹೆಣ್ಣುಗಳು ಗಬ್ಬ ಕಟ್ತಿಲ್ಲ ಅನ್ನೋದು ಕೂಡಿಸುವವನಿಗೇ ಮೊದಲು ಗೊತ್ತಾಗೋದು."

ಮಗ ಗೋಡೆಗೆ ಒರಗಿದ. "ಅಪ್ಪನಿಗೆ ಹೇಳೋ ಧೈರ್ಯ ಬರ್ಲಿಲ್ಲ. ತಾತ ಮುಗಿದ ಅಂದ್ರೆ ಅಪ್ಪನೂ ಕುಸಿದುಬಿಡ್ತಿದ್ರು. ಹೊರಗಿಂದ ವೀರ್ಯದ ಬಾಟಲಿ ತರಿಸ್ದೆ."

"ಅಲ್ಲೀವರೆಗೂ ಕ್ಷಮಿಸಬಹುದಿತ್ತು," ಎಂದರು ಡಾಕ್ಟರಮ್ಮ. "ಅವು ಕಚ್ಚಾಡೋದು ಕಂಡ ಮೇಲೂ, ಅಪ್ಪ ದಿನಾ ಒಳಗೆ ಹೋಗಿ ಕೂರೋದನ್ನ ನೋಡ್ತಾ ನೀನು ಸುಮ್ಮನಿದ್ದೆ. ಇವತ್ತು ಈಕೇನ ಹಿಡ್ಕೊಂಡು ಹೋಗ್ತಾರೆ ಅಂದಾಗ್ಲೂ ಸುಮ್ಮನಿದ್ದೆ."

ಅಷ್ಟರಲ್ಲಿ ಇನ್‌ಸ್ಪೆಕ್ಟರನಿಗೆ ಆಸ್ಪತ್ರೆಯಿಂದ ಫೋನು ಬಂತು. ಕೇಳಿಸಿಕೊಂಡು ಇಟ್ಟವನು ಮಗನ ಮುಖ ನೋಡಿದ.

"ನಿಮ್ಮಪ್ಪನಿಗೆ ಜ್ಞಾನ ಬಂದಿದೆ. ತಾತನ ಮಕ್ಕಳು ಸುಮ್ಮಸುಮ್ಮನೆ ಕಚ್ಚೋವಲ್ಲ, ನಾನೇ ಯಾವುದರದೋ ಕಾಲು ತುಳಿದಿರಬೇಕು, ಅವನ್ನ ಹೊಡೀಬೇಡಿ ಅಂತಿದಾರಂತೆ."

ಮಗ ಬೂಸದ ಮೂಟೆಯ ಮೇಲೆ ಕುಸಿದು ಕೂತ. ಗಂಟೆಯಮ್ಮ ಕಣ್ಣೊರೆಸಿಕೊಂಡು ಎದ್ದಳು. ಮೇವಿನ ಹೊತ್ತಾಗಿತ್ತು.

ಡಾಕ್ಟರಮ್ಮನೇ ಅಪ್ಪನಿಗೆ ಹೇಳಿಬಿಡಲಿ ಎಂದು ಮಗ ಅಂಗಲಾಚಿದ. ನೀನೇ ಹೇಳಬೇಕು ಎಂದರು ಅವರು. ಕಾಂಪೌಂಡರ್ ಕಾರು ತಂದ. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಮಗ ಗಾಡಿ ತಿರುಗಿಸು ಎನ್ನುತ್ತಲೇ ಇದ್ದ. ತನಗಿಂತ ಹೆಚ್ಚು ಹೆದರಿದ ಮನುಷ್ಯನನ್ನು ಕಾಂಪೌಂಡರ್ ಅಂದೇ ಮೊದಲು ಕಂಡದ್ದು.

ಆಸ್ಪತ್ರೆ ಬಂದರೂ ಮಗ ಇಳಿಯಲಿಲ್ಲ. ಕಾಂಪೌಂಡರ್ ಬಾಗಿಲು ತೆಗೆದು ಕೈ ಚಾಚಿದ.

"ಬಾರಪ್ಪ," ಎಂದ, "ನಾನು ಪಕ್ಕದಲ್ಲೇ ಇರ್ತೀನಿ."