ಹೊಸದಾಗಿ ಬಂದ ಮೀನು

"ಇವತ್ತು ನಿಮ್ಮಪ್ಪನ್ನ ಕರ್ಕೊಂಡು ಬರಬೇಡ."

ಅಷ್ಟೇ. ಹಲೋ ಇಲ್ಲ, ಜ್ಯೋತಿ ಇಲ್ಲ, ತಿಂಡಿ ಆಯ್ತಾ ಅಂತ ಒಂದು ಮಾತಿಲ್ಲ. ಫೋನ್ ಕಟ್. ತಿರುಗಿ ಮಾಡಿದರೆ ಬೀರೇಶ ಎತ್ತಲೇ ಇಲ್ಲ.

ಹಳದಿ ಸೀರೆ ಉಟ್ಟು ಕನ್ನಡಿ ಮುಂದೆ ನಿಂತಿದ್ದೆ ನಾನು. ಹೊರಗೆ ಅಪ್ಪ ಕಾರು ಒರೆಸ್ತಿದ್ದರು. ಈ ದಿನಕ್ಕೋಸ್ಕರ ಅವರ ಹಿಂದೆ ಬಿದ್ದು ಬಿದ್ದು ನನಗೆ ಸಾಕಾಗಿ ಹೋಗಿತ್ತು. "ಸರಿ ಕಣಮ್ಮ, ಬಂದು ನೋಡ್ತೀನಿ. ಸಮುದ್ರದ ಮೀನು ಸಾಕಿ ಬದುಕ್ತೀನಿ ಅನ್ನೋನು ನಿನ್ನ ಹೇಗೆ ನೋಡ್ಕೊತಾನೋ ನೋಡಣ. ಆದ್ರೆ ಒಂದೇ ಸಲ. ಬೇಡ ಅನ್ನಿಸ್ತೋ, ಆಮೇಲೆ ಆ ಹುಡುಗನ ಹೆಸರು ಈ ಮನೇಲಿ ಎತ್ತಬಾರದು" ಅಂದಿದ್ದರು. ಜಂಭದಲ್ಲಿ ನಾನೂ ಹೂಂ ಅಂದುಬಿಟ್ಟಿದ್ದೆ.

ಈಗ ನೋಡಿದರೆ ಕೊನೇ ಗಳಿಗೆಯಲ್ಲಿ ಇವನೇ ಕಾಲು ಹಿಂದೆ ತೆಗೀತಿದಾನೆ. ಹೇಡಿ!

"ಅಪ್ಪ, ನಾನು ಮುಂಚೆ ಹೋಗಿರ್ತೀನಿ. ಫೋನ್ ಮಾಡೋ ತನಕ ನೀನು ಹೊರಡಬೇಡ" ಅಂದೆ.

"ಯಾಕಮ್ಮ?"

"ದಾರಿ ಸರಿಯಿಲ್ಲ" ಅಂತ ಬಾಯಿಗೆ ಬಂದದ್ದು ಹೇಳಿ, ಉಟ್ಟ ಸೀರೆಯಲ್ಲೇ ಸ್ಕೂಟಿ ಹತ್ತಿದೆ.

ನಮ್ಮ ಜಂಗಮಕೋಟೆಯಿಂದ ಅವನ ಕೆಂಚಾರ್ಲಹಳ್ಳಿ ಹತ್ತಿರವೇನಲ್ಲ. ಶಿಡ್ಲಘಟ್ಟ ದಾಟೋವರೆಗೂ ಅವನಿಗೆ ಬೈಯೋ ಮಾತು ಜೋಡಿಸ್ಕೊಂಡೆ. ಚಿಂತಾಮಣಿ ದಾಟಿದ ಮೇಲೆ ಅಳು ಬಂತು. ಹೆಲ್ಮೆಟ್ ಒಳಗೆ ಅತ್ತರೆ ಕಣ್ಣು ಒರೆಸ್ಕೊಳ್ಳೋಕೂ ಆಗಲ್ಲ. ಅದಕ್ಕೂ ಅವನ ಮೇಲೇ ಕೋಪ ಬಂತು.

ಈ ಬೀರೇಶ ನನಗೆ ಗಂಟುಬಿದ್ದದ್ದು ಎರಡು ವರ್ಷದ ಕೆಳಗೆ. ಅಪ್ಪಂದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಎಳೇ ಹುಳ ಮೇಯಿಸಿ ರೈತರಿಗೆ ಕೊಡೋ ಜಾಗ. ಎಂಎಸ್ಸಿ ಮುಗಿಸಿ ನಾನೂ ಅದನ್ನೇ ನೋಡ್ಕೊತಿದ್ದೆ. ನಮ್ಮ ಹಳೇ ಹೀಟರ್ ಕೊಡ್ತೀರಾ ಅಂತ ಬಂದವನು, ಹೀಟರ್ ಜೊತೆ ನನ್ನ ನಂಬರೂ ತಗೊಂಡು ಹೋದ. ಅವನ ತಾಯಿ ಹುಳ ಮೇಯಿಸೋದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹುಳದ ಮನೆಯಲ್ಲಿ ಗಾಜಿನ ತೊಟ್ಟಿಗಳನ್ನ ಇಟ್ಟು, ಬೋರಿನ ನೀರು ಸೋಸಿ ಸಮುದ್ರದ ಉಪ್ಪು ಬೆರೆಸಿ, ಕ್ಲೌನ್ ಫಿಶ್ ಅನ್ನೋ ಕಿತ್ತಳೆ ಬಣ್ಣದ ಮೀನಿನ ಮರಿ ಮಾಡಿಸಿ ಬೆಂಗಳೂರಿನ ಅಂಗಡಿಗಳಿಗೆ ಕೊಡ್ತಾನೆ. ಸಮುದ್ರ ಎಲ್ಲಿ, ಕೆಂಚಾರ್ಲಹಳ್ಳಿ ಎಲ್ಲಿ ಅಂತ ಊರೆಲ್ಲ ನಗುತ್ತೆ. ನಾನೂ ನಕ್ಕಿದ್ದೆ. ನಗ್ತಾ ನಗ್ತಾನೇ ಸಿಕ್ಕಿಹಾಕ್ಕೊಂಡೆ.

ಹುಳದ ಮನೆ ಬಾಗಿಲು ತೆರೆದೇ ಇತ್ತು.

"ಏನೋ ನಿಂದು? ನಮ್ಮಪ್ಪ ಅಂದ್ರೆ ಏನು ಆಟ..."

"ಚಪ್ಪಲಿ ಅಲ್ಲೇ ಬಿಡು. ಕೈ ತೊಳ್ಕೊಂಡು ಬಾ" ಅಂದ. ತಿರುಗಿ ಕೂಡ ನೋಡಲಿಲ್ಲ.

ಆ ದನಿ ಕೇಳಿ ನನ್ನ ಬೈಗುಳ ಬಾಯಲ್ಲೇ ಉಳೀತು. ದೊಡ್ಡ ತೊಟ್ಟಿ ಮುಂದೆ ಮಂಡಿಯೂರಿ ಕೂತಿದ್ದ. ಒಂದು ಕೆನ್ನೆ ನುಣ್ಣಗಿದೆ, ಇನ್ನೊಂದರಲ್ಲಿ ಗಡ್ಡ, ಗಡ್ಡದ ಮೇಲೆ ಒಣಗಿದ ಸೋಪು. ಅಪ್ಪ ಬರ್ತಾರೆ ಅಂತ ಶೇವ್ ಮಾಡ್ಕೊತಿದ್ದವನು ಅರ್ಧಕ್ಕೇ ಎದ್ದು ಬಂದಿದ್ದ. ಕಾಲು ಹಿಂದೆ ತೆಗೆದವನು ಗಡ್ಡ ಯಾಕೆ ಕೆರೀತಾನೆ? ನನ್ನ ಕೋಪಕ್ಕೆ ನಿಲ್ಲೋಕೆ ಜಾಗವೇ ಇಲ್ಲದ ಹಾಗಾಯ್ತು.

ಅವನ ಪಕ್ಕ ಕೂತು ತೊಟ್ಟಿ ನೋಡಿದೆ.

ಅದರಲ್ಲಿದ್ದದ್ದು ಅವನ ಜೋಡಿ. ಆ ಮನೆಯಲ್ಲಿರೋ ಮರಿಗಳೆಲ್ಲ ಈ ಗಂಡು-ಹೆಣ್ಣಿನವೇ. ಹೆಣ್ಣು ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿತ್ತು. ಕಿತ್ತಳೆ ಮೈಯಿಂದ ಬಿಳೀ ಲೋಳೆ ಎದ್ದು ಎಳೆಯಾಗಿ ನೇತಾಡ್ತಿತ್ತು. ಗಂಡು ಮಾತ್ರ ಮಣ್ಣಿನ ಕುಡಿಕೆ ಬಿಟ್ಟು ಕದಲಿರಲಿಲ್ಲ. ಕುಡಿಕೆಯೊಳಗೆ ಮೊಟ್ಟೆ. ತಾನೇ ಏದುಸಿರು ಬಿಡ್ತಾ, ರೆಕ್ಕೆಯಲ್ಲಿ ಮೊಟ್ಟೆಗೆ ನೀರು ಬೀಸ್ತಾನೇ ಇತ್ತು. ತೊಟ್ಟಿಗೆ ಅಡ್ಡ ಕಟ್ಟಿದ ಜಾಲರಿಯ ಆಚೆ ಬದಿಯಲ್ಲಿ ಒಂದು ಪುಟ್ಟ ಮೀನು ಪಕ್ಕಕ್ಕೆ ವಾಲಿತ್ತು.

"ನಿನ್ನೆ ಸಂಜೆ ಚೆನ್ನಾಗಿದ್ವು ಜ್ಯೋತಿ. ವೆಲ್ವೆಟ್ ರೋಗ ಅನ್ಸುತ್ತೆ. ತಾಮ್ರ ಹಾಕ್ತೀನಿ." ಕೈಯಲ್ಲಿ ನೀಲಿ ಔಷಧಿಯ ಬಾಟಲಿ ಇತ್ತು. ದ್ರಾಕ್ಷಿ ತೋಟದವರು ಹೊಡೆಯೋ ಮೈಲುತುತ್ತದ ಜಾತಿಯದೇ.

"ಅನ್ಸುತ್ತೆ ಅಂದ್ರೆ ಏನೋ?"

"ವೆಲ್ವೆಟ್, ಇಲ್ಲಾ ಬ್ರೂಕ್ಲಿನೆಲ್ಲ. ಎರಡೂ ಹೀಗೇ ಉಸಿರು ಕಟ್ಟಿಸುತ್ತೆ. ಒಂದಕ್ಕೆ ತಾಮ್ರ, ಇನ್ನೊಂದಕ್ಕೆ ಫಾರ್ಮಲಿನ್. ಇದರ ಔಷಧಿ ಅದಕ್ಕೆ ನಾಟಲ್ಲ."

"ತಪ್ಪಾದ್ರೆ?"

"ಎರಡನೇ ಔಷಧಿ ತಡ್ಕೊಳ್ಳೋ ಶಕ್ತಿ ಇವಕ್ಕಿಲ್ಲ." ಬಾಟಲಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. "ಮೈ ಮೇಲಿನ ಲೋಳೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೊತ್ತಾಗುತ್ತೆ. ನನ್ನ ಹತ್ರ ಎಲ್ಲಿದೆ?"

"ಹುಳದ ರೋಗ ನೋಡೋಕೆ ನಮ್ಮಪ್ಪನ ಹತ್ರ ಇದೆ."

ಆಗ ತಿರುಗಿ ನನ್ನ ನೋಡಿದ. ಹಳದಿ ಸೀರೆ, ಮುಡಿದ ಕಾಕಡ, ಒರೆಸದ ಕಣ್ಣೀರು, ಎಲ್ಲವನ್ನೂ ಒಂದೇ ಸಲಕ್ಕೆ ನೋಡಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ನಾಚ್ಕೊತಿದ್ದೆನೇನೋ.

"ಬೇಡ. ಸಾಯ್ತಿರೋ ಮೀನು ತೋರಿಸಿ ಹೆಣ್ಣು ಕೇಳಲಾ? ಒಂದೇ ಸಲ ನೋಡೋದು ಅಂದಿದಾರಲ್ಲ ಅವರು. ಇನ್ನೊಂದು ದಿನ ಬರಲಿ. ನಿನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ ಕಣೇ."

ಕರೆದರೆ ಇವನು ಕೈತಪ್ಪಬಹುದು. ಕರೆಯದಿದ್ದರೆ ಮೀನು ಹೋಗುತ್ತೆ. ಆದರೆ ಅಪ್ಪನ್ನ ನಾನು ಬಲ್ಲೆ. ಹುಳಕ್ಕೆ ರೋಗ ಬಂದದ್ದನ್ನ ಮುಚ್ಚಿಟ್ಟವರ ಮನೆಯಲ್ಲಿ ಅವರು ನೀರೂ ಮುಟ್ಟಲ್ಲ. ಇವತ್ತು ಮುಚ್ಚಿಟ್ಟು ನಾಳೆ ತೊಳೆದ ತೊಟ್ಟಿ ತೋರಿಸಿದರೆ, ಆ ಮೋಸ ನನ್ನ ಮೈಗೂ ಅಂಟುತ್ತೆ.

ಫೋನ್ ತೆಗೆದೆ. "ಅಪ್ಪ, ಬೀರೇಶನ ಮೀನಿಗೆ ರೋಗ ಬಂದಿದೆ. ಮೈಕ್ರೋಸ್ಕೋಪ್ ತಗೊಂಡು ಬೇಗ ಬಾ."

ಬೀರೇಶ ತಲೆ ಹಿಡ್ಕೊಂಡು ಕೂತ. "ಮುಗೀತು" ಅಂದ.

ಅಪ್ಪ ಬರೋಷ್ಟರಲ್ಲಿ ಹೊಸದಾಗಿ ಉಪ್ಪುನೀರು ಕಲಸಿ, ಬಕೆಟ್‌ಗಳಲ್ಲಿ ಬಿಸಿ ನೋಡಿ, ಗಾಳಿ ಪೈಪು ಬಿಟ್ಟು ಇಟ್ವಿ. ಒಂದು ಸಲ ಇಬ್ಬರ ಕೈಯೂ ಒಂದೇ ಬಕೆಟ್ ಹಿಡಿಗೆ ಹೋಯ್ತು. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಹಾಗೇ ಇಬ್ಬರೂ ಎತ್ತಿಟ್ವಿ.

ನಮ್ಮಪ್ಪ ಮುನಿನಾರಾಯಣಪ್ಪ ಮೈಕ್ರೋಸ್ಕೋಪ್ ಡಬ್ಬ ಎದೆಗವಚಿಕೊಂಡು ಬಂದರು. ಯಾರೂ ಹೇಳದೆ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಕಾಲಿಟ್ಟರು. ಬೀರೇಶನ ನಮಸ್ಕಾರಕ್ಕೆ ತಲೆ ಆಡಿಸಿದರು, ಅಷ್ಟೇ. ಅರ್ಧ ಬೋಳಿಸಿದ ಗಡ್ಡದ ಮೇಲೆ ಕಣ್ಣು ಒಂಚೂರು ನಿಂತು ಮುಂದಕ್ಕೆ ಹೋಯ್ತು.

ಬೀರೇಶ ಹೆಣ್ಣು ಮೀನನ್ನ ಒದ್ದೆ ಕೈಯಲ್ಲಿ ಹಿಡಿದು, ತೆಳು ಗಾಜಿನಿಂದ ಮೈ ಮೇಲಿನ ಲೋಳೆಯನ್ನ ಹಗುರಾಗಿ ಸವರಿ ತೆಗೆದ. ಅಪ್ಪ ಕಣ್ಣಿಟ್ಟು ತಿರುಪು ತಿರುಗಿಸಿದರು.

"ಏಮಯ್ಯಾ ಇದು? ಅವರೆಕಾಳು ಓಡಾಡ್ತಾವೆ!" ಅಂದರು ಅಪ್ಪ. "ನಮ್ಮ ಹುಳದ ಪೆಬ್ರಿನ್ ರೋಗದ ಕಣ ಆದ್ರೆ ಮಿನುಗ್ತಾ ಇದ್ದಲ್ಲೇ ಇರುತ್ತೆ. ಇದಕ್ಕೆ ಸುತ್ತ ಕೂದಲು ಬೇರೆ."

ಬೀರೇಶ ಬಗ್ಗಿ ನೋಡಿದ. "ಬ್ರೂಕ್ಲಿನೆಲ್ಲ. ವೆಲ್ವೆಟ್ ಆಗಿದ್ರೆ ದುಂಡಗೆ, ಸುಮ್ಮನೆ ಅಂಟಿಕೊಂಡಿರೋದು." ನೀಲಿ ಬಾಟಲಿಯನ್ನ ಕಪಾಟಿಗೆ ಸೇರಿಸಿದ. "ಸುಮ್ಮನೆ ಕೊಂದುಬಿಡ್ತಿದ್ದೆ ಸರ್."

"ನಮ್ಮಲ್ಲಿ ಪೆಬ್ರಿನ್ ಬಂದ ತಟ್ಟೆ ಸುಟ್ಟುಹಾಕ್ತೀವಿ. ಔಷಧಿ ಗಿಷಧಿ ಇಲ್ಲ."

"ಇದಕ್ಕಿದೆ ಸರ್. ಇರೋ ತನಕ ನಾನು ಬಿಡಲ್ಲ."

ಅಟ್ಟದ ಮೇಲೆ ಹುಳ ಮೇಯಿಸ್ತಿದ್ದ ಕಾಲದ ಫಾರ್ಮಲಿನ್ ಕ್ಯಾನ್ ಇತ್ತು. ಅವರ ಕಣ್ಣಿಗೆ ಅದು ಬೀಳದೆ ಇರುತ್ತಾ? ಇಳಿಸಿ, ಮುಚ್ಚಳ ತೆಗೆದು ಮೂಸಿ, "ಇದೇ ತಾನೇ? ಎಷ್ಟು ಹಾಕಲಿ?" ಅಂತ ಬಕೆಟ್ ಮೇಲೆ ಬಗ್ಗಿಸಿದರು.

"ಹಾಕಬೇಡಿ!"

ಬೀರೇಶ ಹಾರಿ ಅಪ್ಪನ ಮುಂಗೈ ಹಿಡಿದುಬಿಟ್ಟ. ನಮ್ಮೂರಲ್ಲಿ ಅಪ್ಪನ ಎದುರು ದನಿ ಎತ್ತೋರೇ ಇಲ್ಲ, ಇವನು ಕೈ ಹಿಡಿದಿದ್ದ.

"ತಳದಲ್ಲಿ ಬಿಳೀ ಗಷ್ಟು ಕೂತಿದೆ ಸರ್. ಹಳೇದು. ಹುಳದ ಮನೆ ತೊಳೆಯೋಕೆ ನಡೆಯುತ್ತೆ, ಮೀನಿಗೆ ವಿಷ."

ಅಪ್ಪ ಕ್ಯಾನನ್ನ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಮುಂಗೈ ನೋಡಿದರು. "ಕೈ ಬಿಡಪ್ಪ" ಅಂದರು. ಬೀರೇಶ ಬೆಂಕಿ ಮುಟ್ಟಿದವನ ಹಾಗೆ ಬಿಟ್ಟ. ಕೋಪವೋ ಏನೋ, ಅಪ್ಪನ ಮುಖದಲ್ಲಿ ನನಗೆ ಏನೂ ತಿಳೀಲಿಲ್ಲ.

ಪಕ್ಕದ ಬೀದಿಯ ಗಂಗುಲಮ್ಮ ಹೊಸ ಬೆಳೆಗೆ ಹುಳದ ಮನೆ ತೊಳೆಸ್ತಿದ್ದರು. ಸೀರೆ ಎತ್ತಿಕಟ್ಟಿ ಓಡಿದೆ. ಸೀಲ್ ಒಡೆಯದ ಕ್ಯಾನ್ ಕೊಟ್ಟು, "ಇಷ್ಟು ಸಿಂಗಾರ ಮಾಡ್ಕೊಂಡು ಫಾರ್ಮಲಿನ್‌ಗೆ ಬಂದೋಳ್ನ ನಿನ್ನೊಬ್ಬಳ್ನೇ ನೋಡಿದ್ದು ಕಣಮ್ಮ" ಅಂದರು. ಹೊಸ ನೀರಿನ ಹಾಗೆ ತಿಳಿಯಾಗಿತ್ತು ಅದು.

ಬೀರೇಶ ಸಿರಿಂಜಿನಲ್ಲಿ ಅಳೆದು ಒಂದು ಬಕೆಟ್‌ಗೆ ಬಿಟ್ಟ. ಮೊದಲು ಹೆಣ್ಣು, ಆಮೇಲೆ ಆ ಪುಟ್ಟ ಮೀನು. ಗಂಡಿನ ಹತ್ತಿರ ಬಂದಾಗ ಅವನ ಕೈ ನಿಂತುಹೋಯ್ತು. ಗಂಡು ಕುಡಿಕೆಗೆ ಇನ್ನೂ ಒತ್ತಿಕೊಂಡು ಅವನ ಬೆರಳನ್ನ ಕುಕ್ಕಿತು.

"ಇದನ್ನ ತೆಗೆದ್ರೆ ಮೊಟ್ಟೆಗಳು ಹೋಗುತ್ತೆ ಜ್ಯೋತಿ."

"ಅದೇ ಹೋದ್ರೆ ಮೊಟ್ಟೆ ಕಾಯೋರು ಯಾರು? ತೆಗಿಯೋ."

ತೆಗೆದ. ಕಿಟಕಿಗಳೆಲ್ಲ ತೆರೆದಿದ್ದರೂ ಫಾರ್ಮಲಿನ್ ಘಾಟಿಗೆ ಮೂವರ ಕಣ್ಣಲ್ಲೂ ನೀರು. ಬಕೆಟ್ ಸುತ್ತ ಕೂತು ಮೂರು ಮೀನುಗಳ ಕಿವಿರು ನೋಡ್ತಾ ಇದ್ವಿ.

"ರೋಗ ತಾನಾಗಿ ಬರಲ್ಲ" ಅಂದರು ಅಪ್ಪ, ಬಕೆಟ್‌ನಿಂದ ಕಣ್ಣು ತೆಗೆಯದೆ. "ಹೊಸ ಮೀನು ಯಾವುದಾದ್ರೂ ತಂದ್ಯಾ?"

"ನಂದೇ ತಪ್ಪು ಸರ್."

"ತಪ್ಪು ಯಾರದು ಅಂತ ಕೇಳಲಿಲ್ಲ ನಾನು. ಹೊಸಬರನ್ನ ಬೇರೆ ಇಟ್ಟು ನೋಡೋಕೆ ಡಬ್ಬ ಇಟ್ಟಿದೀಯಲ್ಲ ಅಲ್ಲಿ." ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬ ಇತ್ತು. ಒಣಗಿತ್ತು.

ಆಗ ಆ ಪುಟ್ಟ ಮೀನನ್ನ ಸರಿಯಾಗಿ ನೋಡಿದೆ. ನಡುವಿನ ಬಿಳೀ ಪಟ್ಟೆ ಅರ್ಧಕ್ಕೇ ನಿಂತಿತ್ತು. ಬೆಂಗಳೂರಿನ ಅಂಗಡಿಯಲ್ಲಿ ಆ ಅರ್ಧ ಪಟ್ಟೆ ನೋಡಿಯೇ ಆರಿಸಿದ್ದೆ. ಹೋದ ವಾರ ಅವನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದೆ.

"ಬೀರೇಶ, ಇದು ನಾನು ಕೊಟ್ಟಿದ್ದು."

ಅವನು ಗಾಳಿ ಪೈಪನ್ನ ಅದರ ಹತ್ತಿರಕ್ಕೆ ಸರಿಸಿದ.

"ಹಾಗಾದ್ರೆ ರೋಗ ತಂದಿದ್ದು ನಾನಾ? ಬೆಳಗ್ಗಿಂದ ಗೊತ್ತಿತ್ತು ನಿನಗೆ. ಯಾಕೋ ಹೇಳಲಿಲ್ಲ?"

"ನೀನಲ್ಲ. ಬೇರೆ ಇಡಬೇಕಾಗಿದ್ದು ನಾನು."

"ಎಲ್ಲ ಮೀನನ್ನೂ ಬೇರೆ ಇಟ್ಟು ನೋಡೋನು, ಇದನ್ನ ಯಾಕಪ್ಪ ನೇರವಾಗಿ ಬಿಟ್ಟೆ?" ಅಂದರು ಅಪ್ಪ.

ಬೀರೇಶ ತಲೆ ತಗ್ಗಿಸಿದ. "ಇವಳು ಕೊಟ್ಟಿದ್ದನ್ನ ಆ ಡಬ್ಬದಲ್ಲಿ ಒಂಟಿಯಾಗಿ ಇಡೋಕೆ ಮನಸ್ಸು ಬರಲಿಲ್ಲ ಸರ್. ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಬೀಳೋ ಕಡೆ ಇರಲಿ ಅಂತ ಬಿಟ್ಟೆ."

ಬಕೆಟ್‌ನಲ್ಲಿ ಗಾಳಿ ಗುಳುಗುಳು ಅಂತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಮೀನು ಮಗುಚಿಕೊಂಡಿತು. ಬೀರೇಶ ಅದನ್ನ ಅಂಗೈಯಲ್ಲಿ ನೆಟ್ಟಗೆ ಹಿಡಿದು ಗಾಳಿಯ ಹತ್ತಿರ ಇಟ್ಟು ನೋಡಿದ. ಕಿವಿರು ಮತ್ತೆ ಆಡಲಿಲ್ಲ. "ಸಾರಿ ಜ್ಯೋತಿ" ಅಂದ. ಅಪ್ಪ ಇದಾರೆ ಅನ್ನೋದೂ ಮರೆತು ನಾನು ಅವನ ಹೆಗಲ ಮೇಲೆ ಕೈ ಇಟ್ಟೆ.

ಔಷಧಿಯಲ್ಲಿ ಇಡೋ ಹೊತ್ತು ಮುಗಿದ ಮೇಲೆ ಜೋಡಿಯನ್ನ ಹೊಸ ನೀರಿಗೆ ಬಿಟ್ವಿ. ಉಸಿರು ಇನ್ನೂ ಜೋರಾಗೇ ಇತ್ತು, ಆದರೆ ಹೆಣ್ಣು ಮೇಲಿಂದ ಕೆಳಗಿಳಿದು ಗಂಡಿನ ಪಕ್ಕ ನಿಂತಿತು. ಉಳೀತಾವೆ ಅಂತ ಬೀರೇಶ ಹೇಳಲಿಲ್ಲ. ದಿನಾ ನೋಡಬೇಕು ಅಂದ.

ಅಪ್ಪ ಎದ್ದು ಪಂಚೆ ಕೊಡವಿಕೊಂಡರು. ಒಂದೇ ಸಲ ಅಂದಿದ್ದರಲ್ಲ, ಆ ಒಂದು ಸಲ ಮುಗಿದಿತ್ತು.

"ಏನಪ್ಪ, ನಾಳೆ ಇವಳನ್ನ ಕೊಟ್ರೆ ಹೇಗೆ ಇಟ್ಕೊತೀಯ? ಇವಳ ಬಾಯಿ ಇದೆಯಲ್ಲ, ಯಾವ ರೋಗಕ್ಕೂ ಕಮ್ಮಿಯಿಲ್ಲ."

"ಅಪ್ಪ!" ಅಂದೆ ನಾನು.

ಬೀರೇಶ ನನ್ನ ನೋಡಿದ. "ನೇರವಾಗಿ ಒಳಗೇ ಕರ್ಕೊತೀನಿ ಸರ್. ಏನಾದ್ರೂ ಆಗಲಿ."

ಅಪ್ಪ ಬಾಗಿಲ ತನಕ ಹೋದರು. ಚಪ್ಪಲಿ ಮೆಟ್ಟಿಕೊಂಡು, ಮುಂಗೈ ಸವರಿಕೊಂಡು, ಈ ಕಡೆ ತಿರುಗದೇ ಹೇಳಿದರು. "ಇನ್ನೊಂದು ಕೆನ್ನೆನೂ ಕೆರ್ಕೊ. ಮೀನು ಉಳಿದ್ರೆ ನಿಮ್ಮಮ್ಮನ್ನ ಕರ್ಕೊಂಡು ನಮ್ಮ ಮನೆಗೆ ಬಾ."

ಎರಡು ಹೆಜ್ಜೆ ಹೋಗಿ ನಿಂತರು.

"ಉಳೀದೇ ಇದ್ರೂ ಬಾ."

ಕಾರು ಹೊರಟ ಸದ್ದು ಕೇಳಿಸ್ತು. ಬೀರೇಶ ಮಿಸುಕಲಿಲ್ಲ. ಸೆರಗು ಒದ್ದೆ ಮಾಡಿ ಅವನ ಕೆನ್ನೆಯ ಒಣಗಿದ ಸೋಪು ಒರೆಸಿದೆ. ಅವನ ಕಣ್ಣಿಂದ ಇಳಿದ ನೀರು ನನ್ನ ಬೆರಳಿಗೆ ಬೆಚ್ಚಗೆ ತಾಗಿತು.

"ಫಾರ್ಮಲಿನ್ ಕಣೇ, ಉರೀತಿದೆ" ಅಂದ.

"ಸುಳ್ಳ" ಅಂದೆ. ಮೈಕ್ರೋಸ್ಕೋಪ್ ಮೇಜಿನ ಮೇಲೇ ಇತ್ತು. ಅಪ್ಪ ಅದನ್ನ ಮರೆತು ಬಿಟ್ಟುಹೋಗೋರಲ್ಲ.