ಮಗ್ಗದ ಗುಂಡಿಯ ಕಾಳು

"ಅಯ್ಯೋ ಪಾಪಿ! ಇದೇನ್ ಮಾಡ್ದೆ? ನಮ್ಮಪ್ಪನ ಮಗ್ಗ ಎಲ್ಲೇ?"

ಮಾರುತೇಶನ ಕೂಗಿಗೆ ಪಕ್ಕದ ಮನೆಯ ಮಗ್ಗದ ಸದ್ದು ಕೂಡ ಒಂದು ಕ್ಷಣ ನಿಂತುಹೋಯಿತು. ನೇಯ್ದ ರೇಷ್ಮೆ ಸೀರೆಗಳನ್ನು ಸಾಹುಕಾರರ ಮನೆಗೆ ಮುಟ್ಟಿಸಿ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದ. ನಡುಮನೆಯಲ್ಲಿದ್ದ ಎರಡು ಮಗ್ಗಗಳಲ್ಲಿ ಒಂದು ಇರಲಿಲ್ಲ. ಅದರ ಮರಗಳನ್ನೆಲ್ಲ ಬಿಚ್ಚಿ ಗೋಡೆಗೆ ಒರಗಿಸಲಾಗಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಯನ್ನು ಇನ್ನಷ್ಟು ಆಳಕ್ಕೆ ಅಗೆದು, ಸುತ್ತಲೂ ರಾಗಿಹುಲ್ಲು ಹೊದಿಸಿ, ಅದರೊಳಗೆ ಮೊಣಕಾಲೂರಿ ಕೂತಿದ್ದಳು ಅವನ ಹೆಂಡತಿ ಮಾಲಾ. ಮುಖಕ್ಕೆಲ್ಲ ಮಣ್ಣು, ಕೂದಲಲ್ಲಿ ಹುಲ್ಲಿನ ಎಸಳು.

"ಮಾವನ್ನ ಕೇಳೇ ಬಿಚ್ಚಿದ್ದು," ಎಂದಳು ಅವಳು, ತಲೆ ಎತ್ತದೆ. "ಅವ್ರಿಗೆ ಕಣ್ಣು ಮಂಜಾಗಿ ನೇಯೋದು ಬಿಟ್ಟು ಎಷ್ಟು ವರ್ಷಾಯ್ತು? ಸುಮ್ನೆ ಜಾಗ ತಿಂತಿತ್ತು. ಇಲ್ಲಿ ರಾಗಿ ತುಂಬ್ತೀನಿ. ಹಿಂದಿನೋರು ನೆಲದಾಗೆ ಹಗೇವು ತೋಡಿ ಇಡ್ತಿರ್ಲಿಲ್ವಾ, ಹಂಗೆ. ಎಷ್ಟು ಕಾಲ ಆದ್ರೂ ಕೆಡಲ್ಲ."

"ಇನ್ನೂ ರಾಗಿ! ಅಟ್ಟದ ಮೇಲೆ ಐತೆ, ಮಂಚದ ಕೆಳಗೆ ಐತೆ, ದೇವ್ರ ಗೂಡಿನಾಗೂ ಹುರುಳಿ ಡಬ್ಬ ಐತೆ! ಯಾರಿಗೇ ಇದೆಲ್ಲ? ಯಾವ ಕಾಲಕ್ಕೆ?"

"ಆ ಕಾಲ ಮತ್ತೆ ಬರುತ್ತಲ್ಲ... ಅದಕ್ಕೆ."

ಮಾರುತೇಶ ಕೈ ಎತ್ತಿದ. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅವನ ಮುದಿ ಅಪ್ಪ ಹುಲಿಯಪ್ಪ ಕೂಡಲೇ ಕೋಲು ಕುಟ್ಟಿದ. "ಲೇ ಮಾರುತಿ! ಕೈ ಇಳಿಸು. ಮರ ಬಿಚ್ಚಿದ್ರೆ ಮತ್ತೆ ಜೋಡಿಸ್ಕೋಬೋದು. ಆ ಹೆಣ್ಣುಮಗಳ ಜೀವಕ್ಕೆ ನೆಮ್ಮದಿ ಆಗೋದಾದ್ರೆ ತುಂಬ್ಲಿ ಬಿಡು."

ನೆಮ್ಮದಿ! ಮಾಲಾ ಮತ್ತೊಂದು ಹಿಡಿ ಹುಲ್ಲನ್ನು ಗುಂಡಿಯ ಗೋಡೆಗೆ ಒತ್ತಿದಳು. ಕೊರೊನಾ ಕಾಲ ಬಂದು ಹೋದ ಮೇಲೆ ಮೊಳಕಾಲ್ಮೂರಿನಲ್ಲಿ ಎಲ್ಲರ ಮನೆಯ ಮಗ್ಗಗಳೂ ಮತ್ತೆ ಆಡತೊಡಗಿದ್ದವು, ಮದುವೆ ಸೀರೆಗಳಿಗೆ ಮತ್ತೆ ಗಿರಾಕಿಗಳು ಬಂದಿದ್ದರು. ಆದರೆ ಮಾಲಾಳ ಪಾಲಿಗೆ ಆ ಬಾಗಿಲು ಮುಚ್ಚಿದ ದಿನಗಳು ಮುಗಿದೇ ಇರಲಿಲ್ಲ. ಆಗ ರೇಷ್ಮೆ ನೂಲು ಬರುವುದು ನಿಂತಿತ್ತು. ನೇಯ್ದಿಟ್ಟ ಸೀರೆಗಳನ್ನು ಕೇಳುವವರಿರಲಿಲ್ಲ. ರೇಷನ್ ಅಕ್ಕಿ ತಿಂಗಳ ಕೊನೆಯವರೆಗೆ ಎಟುಕುತ್ತಿರಲಿಲ್ಲ. ಅತ್ತೆ ಹೊನ್ನಕ್ಕ ಎಲ್ಲರಿಗೂ ಬಡಿಸುತ್ತಿದ್ದಳು. ಮಗನಿಗೆ, ಗಂಡನಿಗೆ, ಪುಟ್ಟ ಮೊಮ್ಮಗಳು ಅಂಬಿಕಾಳಿಗೆ, ಕೊನೆಗೆ ಮಾಲಾಳಿಗೆ. "ನೀವು ಕೂತ್ಕಳ್ರಿ ಅತ್ತೆ," ಎಂದರೆ, "ನಂದಾಯ್ತು ಕಣವ್ವಾ," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದುಹೋಗುತ್ತಿದ್ದಳು. ಅವಳದು ಯಾವಾಗ ಆಯಿತು, ಏನು ಉಂಡಳು... ಯಾರೂ ನೋಡಲಿಲ್ಲ. ಮಾಲಾ ಕೂಡ ನೋಡಲಿಲ್ಲ. ಒಂದು ಮಧ್ಯಾಹ್ನ ಒರಳುಕಲ್ಲಿನ ಪಕ್ಕ ಕುಸಿದ ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿದಾಗ ಮಾತ್ರ ಅವಳಿಗೆ ತಿಳಿಯಿತು. ಆ ದೇಹದಲ್ಲಿ ಒಂದು ಹೊರೆ ಹುಲ್ಲಿನಷ್ಟೂ ಭಾರ ಉಳಿದಿರಲಿಲ್ಲ!

ಹೊನ್ನಕ್ಕನ ಮಗಳು ಗೀತಮ್ಮ ಚಳ್ಳಕೆರೆಯಲ್ಲಿದ್ದಳು. ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ, ಗಟ್ಟಿ ಗಂಟಲು, ಒರಟು ಮಾತು. ದಾರಿಯುದ್ದಕ್ಕೂ ಪೊಲೀಸರ ಕೈಕಾಲು ಹಿಡಿದು ಅವಳು ಬಂದು ತಲುಪುವಷ್ಟರಲ್ಲಿ ಹೆಣ ಎತ್ತಲು ಸಿದ್ಧವಾಗಿತ್ತು. ತಾಯಿಯ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದ ಗೀತಮ್ಮ, ಬೀದಿಯ ಜನರೆಲ್ಲ ಕೇಳುವಂತೆ ಚೀರಿದಳು. "ನೋಡ್ರೋ! ನಮ್ಮವ್ವನ ಹೊಟ್ಟೆ ಬೆನ್ನಿಗೆ ಹತ್ತೈತೆ! ಮನೇಲಿ ಎಲ್ರೂ ಗುಂಡಗಿದಾರೆ, ನಮ್ಮವ್ವ ಒಬ್ಬಳೇ ಒಣಗಿ ಸತ್ತಳು! ಅನ್ನ ಮುಚ್ಚಿಟ್ಕೊಂಡು ಅತ್ತೇನ ಕೊಂದ ಸೊಸೆ ಇವಳು!"

ಅಂದಿನಿಂದ ಗೀತಮ್ಮ ತವರಿಗೆ ಕಾಲಿಡಲಿಲ್ಲ. ಅಂದಿನಿಂದಲೇ ಮಾಲಾ ಕಾಳು ಕೂಡಿಡಲು ಶುರುಮಾಡಿದ್ದು. ಮೊದಲು ಒಂದು ಡ್ರಮ್ಮು ರಾಗಿ. ಆಮೇಲೆ ನವಣೆ, ಸಾಮೆ, ಜೋಳ. ಕೆಮ್ಮಣ್ಣು ಕಟ್ಟಿ ಒಣಗಿಸಿದ ತೊಗರಿ, ಬೂದಿ ಬೆರೆಸಿದ ಹುರುಳಿ, ಉಪ್ಪು ಹಾಕಿ ಮಿದ್ದ ಹುಣಸೆಹಣ್ಣು, ಬಿಸಿಲಿಗೆ ಸುಕ್ಕಾದ ಗೋರಿಕಾಯಿ, ಬೆಲ್ಲದ ಅಚ್ಚು, ಬೆಂಕಿಪೊಟ್ಟಣ. ಒಂದೊಂದು ಡಬ್ಬದ ಮುಚ್ಚಳ ಬಿಗಿದಾಗಲೂ ಬೆನ್ನ ಹಿಂದೆ ಒಂದು ಮೆಲುದನಿ ಕೇಳುತ್ತಿತ್ತು. "ನಂದಾಯ್ತು ಕಣವ್ವಾ..." ತಿರುಗಿದರೆ ಯಾರೂ ಇಲ್ಲ! ಒಮ್ಮೊಮ್ಮೆ ಅಡುಗೆಮನೆಯ ಬಾಗಿಲ ಬಳಿ ಸೆರಗಿನ ಅಂಚೊಂದು ಸರಿದುಹೋದಂತೆ ಕಾಣುತ್ತಿತ್ತು. ಇನ್ನೊಂದು ಡಬ್ಬ ತುಂಬಿದರೆ ಅತ್ತೆಯ ಹೊಟ್ಟೆ ತುಂಬೀತು, ಆ ದನಿ ನಿಂತೀತು ಎಂದುಕೊಂಡು ಇನ್ನೊಂದು ಡಬ್ಬ ತುಂಬುತ್ತಿದ್ದಳು. ಇಟ್ಟದ್ದನ್ನು ಮುಟ್ಟಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಹಳತಾಗಿ ಮುಗ್ಗಲು ಹಿಡಿದ ಮೇಲೆ ಅದನ್ನು ಮನೆಯವರಿಗೆ ಬೇಯಿಸುತ್ತಿದ್ದಳು, ಹೊಸದನ್ನು ಡ್ರಮ್ಮಿಗೆ ಸುರಿಯುತ್ತಿದ್ದಳು.

"ಅವ್ವಾ, ಒಂಚೂರು ಬೆಲ್ಲ ಕೊಡೇ," ಎಂದು ಅಂಬಿಕಾ ಅಂಗಲಾಚಿದರೆ, "ಮುಟ್ಬೇಡ! ಅದು ಇಡೋಕೆ!" ಎಂದು ಗದರುತ್ತಿದ್ದಳು. ಮನೆ ತುಂಬ ಕಾಳಿದ್ದರೂ ಮಗಳು ಸೊರಗುತ್ತಿದ್ದಳು. ಅದೂ ಆ ತಾಯಿಯ ಕಣ್ಣಿಗೆ ಬೀಳಲಿಲ್ಲ. ತಾನಂತೂ ತಟ್ಟೆಯ ಮುಂದೆ ಕೂತದ್ದು ಯಾವಾಗಲೋ!

ಮಗ್ಗದ ಗುಂಡಿ ತುಂಬಿತು. ಮೇಲೆ ಹಲಗೆ ಜೋಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಣ್ಣು ಮೆತ್ತಿದಳು. ಆದರೆ ಆ ವರ್ಷ ಜಡಿಮಳೆ ಹಿಡಿಯಿತು. ನೆಲ ತೇವ ಎಳೆಯಿತು. ಗಂಡನಿಲ್ಲದಾಗ ಒಂದು ಹಲಗೆ ಸರಿಸಿ ಕೈ ಇಳಿಬಿಟ್ಟ ಮಾಲಾ ಹೌಹಾರಿದಳು. ಬಿಸಿ! ಕಾಳಿನ ರಾಶಿ ಜ್ವರ ಬಂದಂತೆ ಬಿಸಿಯಾಗಿತ್ತು. ಬೊಗಸೆಯಲ್ಲಿ ಎತ್ತಿದರೆ ಬೆರಳ ಸಂದಿಯಲ್ಲೆಲ್ಲ ಹುಳ ಹರಿದಾಡಿದವು. ಗುಂಡಿಯ ಅಂಚಿನಲ್ಲಿ ಯಾರೋ ಕುಕ್ಕುರುಗಾಲಲ್ಲಿ ಕೂತು ಒಳಗೆ ಇಣುಕಿದಂತಾಯಿತು. ಒಣಗಿದ ಕಾಲುಗಳು, ಮಾಸಿದ ಸೀರೆಯ ಅಂಚು... "ಇಲ್ಲ ಅತ್ತೆ, ಕೆಡೋಕೆ ಬಿಡಲ್ಲ! ಈ ಸಲ ಬಿಡಲ್ಲ!" ಎಂದು ಮಾಲಾ ಬರಿದಾದ ಜಾಗಕ್ಕೆ ಕೈಮುಗಿದಳು.

ಮರುದಿನವೇ ಚಳ್ಳಕೆರೆಯ ಬಸ್ಸು ಹತ್ತಿದಳು. ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಹುಳಕ್ಕೆ ಹಾಕುವ ಮಾತ್ರೆ ಕೇಳಿದಳು. ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಯಾವ ಗೋಡೌನಿಗಮ್ಮ? ಇದು ಜಹರ್ ಐತೆ. ಇದರ ಗಾಳಿ ಕುಡಿದ್ರೆ ಮನುಷ್ಯರೂ ಉಳಿಯಲ್ಲ. ಜನ ಮಲಗೋ ಮನೇಲಿ ಇಡಂಗಿಲ್ಲ."

"ಗೋಡೌನಿಗೇ," ಎಂದಳು ಮಾಲಾ. ಮಣ್ಣು ಮೆತ್ತಿ ಮುಚ್ಚಿದ ಮೇಲೆ ಗಾಳಿ ಎಲ್ಲಿಂದ ಹೊರಗೆ ಬಂದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಊರಿಗೆ ಬಂದವಳು ಯಾರಿಗೂ ಹೇಳದೆ ಮಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕಾಳಿನ ನಡುವೆ ಹುದುಗಿಸಿ, ಮತ್ತೆ ಮಣ್ಣು ಮೆತ್ತಿದಳು. ಆ ನಡುಮನೆಯಲ್ಲೇ ಹುಲಿಯಪ್ಪ ಮೊಮ್ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗುತ್ತಿದ್ದ. ಮಳೆಯ ಎರಚಲೆಂದು ಕಿಟಕಿ, ಬಾಗಿಲು ಎಲ್ಲ ಮುಚ್ಚಿದ್ದವು.

ಬೆಳಕು ಹರಿಯುವ ಹೊತ್ತಿಗೆ ದಡ್ ಎಂದು ಸದ್ದಾಯಿತು. ಅಡುಗೆಮನೆಯ ಪಕ್ಕದ ಕೋಣೆಯಿಂದ ಎದ್ದು ಬಂದ ಮಾಲಾಳ ಮೂಗಿಗೆ ಕೊಳೆತ ಮೀನಿನಂಥ ವಾಸನೆ ಬಡಿಯಿತು. ಬೀದಿ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಹುಲಿಯಪ್ಪ ಬೋರಲು ಬಿದ್ದಿದ್ದ. ಅವನ ಮುಷ್ಟಿಯಲ್ಲಿ ಕಂಬಳಿಯ ತುದಿ. ಕಂಬಳಿಯ ಮೇಲೆ, ಹೊರಗೆ ತುಂತುರು ಮಳೆಯಲ್ಲಿ, ಅಂಬಿಕಾ ವಾಂತಿ ಮಾಡಿಕೊಂಡು ಮುಲುಗುತ್ತಿದ್ದಳು. ಕಣ್ಣು ಮಂಜಾದ ಮುದುಕ ಮಗುವನ್ನು ತೆವಳುತ್ತಾ ಎಳೆದು ಗಾಳಿಗೆ ಹಾಕಿದ್ದ. ತಾನು ಮಾತ್ರ ಹೊಸ್ತಿಲು ದಾಟಿರಲಿಲ್ಲ...

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ಮತ್ತೆ ಕೇಳಿದರು. "ಏನು ತಿಂದಿದ್ರು? ಮನೆಯಲ್ಲಿ ಏನಾದ್ರೂ ಔಷಧಿ ಇಟ್ಟಿದ್ರಾ?"

"ಮುದ್ದೆ, ಹುರುಳಿ ಸಾರು ಸಾರ್. ಎಲ್ರೂ ಅದನ್ನೇ ಉಂಡ್ವಿ. ಔಷಧಿ ಗಿವ್ಷಧಿ ಏನೂ ಇಲ್ಲ," ಎಂದ ಮಾರುತೇಶ, ಕೈ ಹೊಸೆಯುತ್ತಾ.

ಅಷ್ಟರಲ್ಲಿ ಗೀತಮ್ಮ ಓಡಿಬಂದಳು. ಕೆದರಿದ ತಲೆ, ಕಾಲಲ್ಲಿ ಚಪ್ಪಲಿಯಿಲ್ಲ. ಅವಳನ್ನು ಕಂಡು ಮಾಲಾ ಗೋಡೆಯ ಕಡೆ ಸರಿದಳು. ಈಗ ಬಾಯಿ ಬಿಟ್ಟರೆ ಈ ಹೆಣ್ಣು ತನ್ನನ್ನು ಹರಿದು ತಿನ್ನುತ್ತಾಳೆ. ಬಿಡದಿದ್ದರೆ... ಒಳಗೆ ಮಗಳಿದ್ದಾಳೆ, ಮಾವ ಇದ್ದಾನೆ!

"ನಾನು ಇಟ್ಟಿದ್ದೆ!" ಎಂದಳು ಮಾಲಾ. "ಕಾಳಿಗೆ... ಹುಳಕ್ಕೆ ಹಾಕೋ ಮಾತ್ರೆ. ಅವ್ರು ಮಲಗೋ ಕಡೆ. ಬೇಡ ಅಂತ ಅಂಗಡಿಯೋನು ಹೇಳಿದ್ದ... ಆದ್ರೂ ಇಟ್ಟೆ!"

ಡಾಕ್ಟರು ಒಳಗೆ ಓಡಿದರು. ಮಾರುತೇಶ ಅವರ ಹಿಂದೆಯೇ ಓಡಿದ. ಗೀತಮ್ಮ ಮಾತ್ರ ಅಳಲಿಲ್ಲ, ಬೈಯಲಿಲ್ಲ. ಮಾಲಾಳನ್ನೇ ದುರುಗುಟ್ಟಿ ನೋಡುತ್ತಾ, "ಅವ್ವ ಆಯ್ತು. ಈಗ ಅಪ್ಪಾನಾ?" ಎಂದಳು. ಅಷ್ಟೇ. ಅದಕ್ಕಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು!

ಹುಲಿಯಪ್ಪ ಸಂಜೆಯವರೆಗೆ ಉಸಿರು ಹಿಡಿದಿದ್ದ. ಮಗಳು ಗೀತಮ್ಮನೊಬ್ಬಳನ್ನೇ ಒಳಗೆ ಬಿಟ್ಟರು. ಅವಳು ಹೊರಗೆ ಬಂದಾಗ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಅಂಬಿಕಾ ಉಳಿದಳು. ಅವಳ ಎದೆ ಗಟ್ಟಿಯಾಗಲು ಬಹಳ ಕಾಲ ಬೇಕು, ಚೆನ್ನಾಗಿ ಉಣಿಸಿ ಎಂದರು ಡಾಕ್ಟರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ ಹೋದರು. ತಿಳಿದವರು ಬಂದು ಗುಂಡಿಯ ಕಾಳನ್ನೆಲ್ಲ ಊರಾಚೆ ಒಯ್ದು ಆಳವಾಗಿ ಹೂತರು. ಮಾಲಾ ಬೀದಿಯಲ್ಲಿ ನಿಂತು ನೋಡಿದಳು. ಬೀದಿಯವರು ಅವಳನ್ನು ನೋಡಿದರು.

ತಿಥಿ ಮುಗಿದ ಬೆಳಿಗ್ಗೆ ಗೀತಮ್ಮ ಮಾರುತೇಶನ ಮುಂದೆ ನಿಂತಳು. "ಮಗೂನ ಕರ್ಕೊಂಡ್ ಹೋಗ್ತೀನಿ. ಈ ಮನೇಲಿ ಬಿಡಲ್ಲ."

ಮಾರುತೇಶ ಬಾಯಿ ತೆರೆಯುವ ಮೊದಲೇ ಮಾಲಾ ಎದ್ದಳು. "ಕರ್ಕೊಂಡ್ ಹೋಗ್ರಿ ಅತ್ತಿಗೆ. ನನಗೂ ನನ್ನ ಕೈ ಮೇಲೆ ನಂಬಿಕೆ ಇಲ್ಲ." ಹೀಗೆಂದು ಮಗಳ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದ ಗೀತಮ್ಮನಿಗೆ ಎದುರಾಡುವವರೇ ಇಲ್ಲದೆ ಹೋಯಿತು.

ಬಸ್ ನಿಲ್ದಾಣದವರೆಗೆ ಅಂಬಿಕಾಳನ್ನು ಮಾಲಾಳೇ ಎತ್ತಿಕೊಂಡು ನಡೆದಳು. ಚೀಲ ಹಿಡಿದು ಮಾರುತೇಶ ಹಿಂದೆ ಬಂದ. ಚಳ್ಳಕೆರೆಯ ಬಸ್ಸು ಹೊರಡಲು ನಿಂತಿತ್ತು. "ಅವ್ವಾ, ನೀನೂ ಬಾರೇ!" ಎಂದು ಮಗು ಕೊರಳು ಬಿಗಿಹಿಡಿಯಿತು. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅತ್ತಿಗೆಯ ಕೈಗೆ ಕೊಡುವಾಗ ಮಾಲಾಳ ಕಣ್ಣು ಕತ್ತಲಿಟ್ಟಿತು. ಬಸ್ಸಿನ ಬಾಗಿಲ ಕಂಬಿ ಹಿಡಿದವಳು ಹಾಗೆಯೇ ಜಾರಿ ನೆಲಕ್ಕೆ ಕೂತಳು.

"ಏ... ಏನಾಯ್ತೇ?" ಗೀತಮ್ಮ ಮಗುವನ್ನು ತಮ್ಮನ ಕೈಗೆ ಕೊಟ್ಟು ಬಾಗಿ ಅವಳ ರಟ್ಟೆ ಹಿಡಿದೆತ್ತಿದಳು. ಎತ್ತಿದವಳು ಬೆಚ್ಚಿದಳು. ಕೈಗೆ ಸಿಕ್ಕಿದ್ದು ಬರೀ ಮೂಳೆ! ತಾಯಿಯ ಹೆಣದ ಮೇಲೆ ಕೈಯಾಡಿಸಿದಾಗ ಹೀಗೆಯೇ ಇತ್ತಲ್ಲ...

"ಯಾವಾಗ್ಲೇ ಉಂಡಿದ್ದು ನೀನು? ಹೇಳೇ!"

ಮಾಲಾ ತಲೆಯಾಡಿಸಿದಳು. ನೆನಪಿರಲಿಲ್ಲ.

ಗೀತಮ್ಮನ ಗಟ್ಟಿ ಗಂಟಲು ಮೊದಲ ಬಾರಿಗೆ ಒಡೆಯಿತು. "ಆಸ್ಪತ್ರೇಲಿ ಅಪ್ಪ ಏನ್ ಕೇಳಿದ ಗೊತ್ತೇನೇ? ತನಗೇನಾಯ್ತು ಅಂತ ಕೇಳ್ಲಿಲ್ಲ. ಮಗು ಹೆಂಗೈತೆ ಅಂದ. ಚೆನ್ನಾಗೈತೆ ಅಂದೆ. ಆಮೇಲೆ... ಮಾಲಾ ಉಂಡ್ಳಾ ಅಂದ! ಯಾರೂ ಕೇಳಲ್ಲ ಕಣವ್ವಾ ಅವಳನ್ನ, ನೀನು ಕೇಳು ಅಂದ. ಕೇಳಲ್ಲ ಅಂತ ಹಟ ಮಾಡಿದ್ದೆ ನಾನು! ಅಪ್ಪನ್ನ ತಿಂದೋಳ ಹಸಿವು ನನಗ್ಯಾಕೆ ಅಂತ..." ಅವಳು ಬಿಕ್ಕಿದಳು. "ಕಾಳು ಇಡೋದು ತಪ್ಪಲ್ವೇ. ಸಂಸಾರ ಇದ್ದೋರು ಇಡ್ಲೇಬೇಕು. ಆದ್ರೆ ನೀನು ಹಸಿವಿಗೆ ಹೆದರಿ ಇಡ್ಲಿಲ್ಲ. ನನ್ನ ಬಾಯಿಗೆ ಹೆದರಿ ಇಟ್ಟೆ."

"ಅತ್ತಿಗೆ..." ಮಾಲಾ ಅವಳ ಹೆಗಲಿಗೆ ಹಣೆಯಿಟ್ಟಳು. ಇಷ್ಟು ವರ್ಷ ಬಾರದ ಅಳು ಕಟ್ಟೆಯೊಡೆದು ಬಂತು. "ನಾನು ನೋಡ್ಬೇಕಿತ್ತು ಅತ್ತಿಗೆ... ಅತ್ತೆ ತಟ್ಟೇನ ಒಂದ್ಸಲ ನೋಡ್ಬೇಕಿತ್ತು..."

"ನಾನೂ ನೋಡ್ಲಿಲ್ವಲ್ಲೇ. ಫೋನಿನಾಗೆ ಉಂಡ್ಯಾ ಅವ್ವ ಅಂದ್ರೆ ನನಗೂ ನಂದಾಯ್ತು ಕಣವ್ವಾ ಅಂತಿದ್ಲು." ಕಂಡಕ್ಟರ್ ಸೀಟಿ ಊದಿದ. ಗೀತಮ್ಮ ಕಣ್ಣೊರೆಸಿಕೊಂಡು ಅವನ ಮೇಲೆ ರೇಗಿದಳು. "ತಡಿಯಪ್ಪಾ, ಹೆಂಗಸ್ರು ಹತ್ತೋದು ಕಾಣಲ್ವಾ?" ಮಾಲಾಳ ಕಡೆ ತಿರುಗಿ ಎಂದಳು, "ಹತ್ತು. ನೀನೂ ಹತ್ತು. ಮಗು ಜೊತೆ ಇರು. ಇಬ್ರನ್ನೂ ಉಣಿಸ್ತೀನಿ, ಗಟ್ಟಿಯಾದ ಮೇಲೆ ಇಬ್ರೂ ಬರೀರಂತೆ."

ಮಾಲಾ ಗಂಡನ ಮುಖ ನೋಡಿದಳು. ಆಸ್ಪತ್ರೆಯ ದಿನದಿಂದ ಅವನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. "ಹೋಗು," ಎಂದ ಮಾರುತೇಶ, ಮಗುವನ್ನು ಅವಳ ಕೈಗೆ ಕೊಡುತ್ತಾ. "ನಾನು ಬೇಯಿಸ್ಕೊಂತೀನಿ. ಹೋಗಿ ಬಾ."

ಬಸ್ಸು ಬಂಡೆಗುಡ್ಡಗಳನ್ನು ಹಿಂದೆ ಹಾಕಿ ಬಯಲಿಗೆ ಬಿತ್ತು. ಮೂವರು ಕೂರುವ ಸೀಟಿನಲ್ಲಿ ಗೀತಮ್ಮ ಕಿಟಕಿಯ ಬಳಿ, ಪಕ್ಕದಲ್ಲಿ ಮಾಲಾ, ತೊಡೆಯ ಮೇಲೆ ನಿದ್ದೆಹೋದ ಅಂಬಿಕಾ. ತುದಿಯ ಜಾಗ ಖಾಲಿಯಿತ್ತು. ಅತ್ತೆ, ಮಾವ ಇಬ್ಬರೂ ತಮ್ಮ ಜೊತೆಗೇ ಬಸ್ಸು ಹತ್ತಿದ್ದಾರೆ, ಕಂಬಿ ಹಿಡಿದು ನಿಂತಿದ್ದಾರೆ ಎಂದು ಮಾಲಾಳಿಗೆ ಅನ್ನಿಸಿತು. ಅವರು ಎಲ್ಲಿಗೂ ಹೋಗುವವರಲ್ಲ. ಅದು ಅವಳಿಗೆ ಗೊತ್ತಾಯಿತು. ಈ ಸಲ ಹೆದರಿಕೆಯಾಗಲಿಲ್ಲ. ಅವರಿಗೂ ಜಾಗವಾಗಲೆಂದು ಅವಳು ಮಗುವನ್ನು ಎದೆಗೊತ್ತಿಕೊಂಡು ಕಿಟಕಿಯ ಕಡೆ ಸರಿದಳು.

ಯಾಕೆಂದು ಗೀತಮ್ಮ ಕೇಳಲಿಲ್ಲ. ಅವಳೂ ಸ್ವಲ್ಪ ಸರಿದು ಕೂತಳು.